ಹಲಗೆಯ ಪಕ್ಕ ಗಿಟಾರ್: ಹೋರಾಟದ ಹಾಡು ಕಲಿಸಿದ ಪಾಠಗಳು

ರಾಕ್ ಸಂಗೀತ ಬೆಂಗಳೂರಿನ ಕಾಲೇಜು ಹುಡುಗರ ಖಯಾಲಿ, ನಮ್ಮ ಕಡೆಗೆ ಅದು ಒಗ್ಗೋದಿಲ್ಲ ಎಂಬ ಮಾತನ್ನು ದಾವಣಗೆರೆಯಲ್ಲಿ ಇವತ್ತಿಗೂ ಕೇಳುತ್ತೇನೆ. ಹಾಗೆ ಹೇಳುವವರು ಈ ಊರಿನ ಬೀದಿಗಳನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ. 1942ರ ಚಲೇಜಾವ್ ಚಳವಳಿಯಲ್ಲಿ ಇಲ್ಲಿ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟವರಿದ್ದಾರೆ. ಹತ್ತಿ ಗಿರಣಿಗಳು ಹಗಲುರಾತ್ರಿ ಓಡುತ್ತಿದ್ದ ಕಾಲದಲ್ಲಿ ಕಾರ್ಮಿಕರು ಕೆಂಬಾವುಟ ಹಿಡಿದು ನಡೆದ ಊರಿದು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಕಳಿಸಿದ ಊರು. ಸುಮಾರು 14 ಕಿಲೋಮೀಟರ್ ಆಚೆ ಹರಿಹರ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿ ಬೆಳೆಸಿದ ಪ್ರೊ. ಬಿ. ಕೃಷ್ಣಪ್ಪ 1938ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ನೆನಪಿನ ಮೈತ್ರಿವನ ಇರುವುದೂ ಅಲ್ಲೇ. ತುಂಗಭದ್ರೆಯ ನೀರು ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು 1980ರ ದಶಕದಲ್ಲಿ ಜನ ಎದ್ದು ನಿಂತದ್ದು ಇದೇ ದಂಡೆಯ ಮೇಲೆ. ಇಷ್ಟೆಲ್ಲ ನಡೆದ ಕಡೆ ಹಾಡಿಗೆ ಬರವಿಲ್ಲ.

ನಾನು ಹರಿಹರದಲ್ಲಿ ಬೆಳೆದು, ದಾವಣಗೆರೆಯಲ್ಲಿ ಗಿಟಾರ್ ಕಲಿಸಿ ಜೀವನ ಮಾಡುವವನು. ನಮ್ಮದೊಂದು ಸಣ್ಣ ತಂಡ. ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್, ಹಲಗೆ, ಇಬ್ಬರು ಹಾಡುಗಾರರು. ಧರಣಿಯ ಟೆಂಟಿನಲ್ಲಿ, ಹಾಸ್ಟೆಲ್ ಅಂಗಳದಲ್ಲಿ, ಕಾಲೇಜಿನ ವೇದಿಕೆಯಲ್ಲಿ ಹೋರಾಟದ ಹಾಡುಗಳನ್ನು ರಾಕ್ ಶೈಲಿಯಲ್ಲಿ ಹಾಡುತ್ತೇವೆ. ಹೊಸದಾಗಿ ತಂಡ ಕಟ್ಟುವ ಹುಡುಗ ಹುಡುಗಿಯರು ಬಂದು ಕೇಳುವ ಪ್ರಶ್ನೆಗಳಿಗೆ ಹೇಳುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲ ಪಾಠಗಳ ಬುಡದಲ್ಲಿ ಇರುವ ನಂಬಿಕೆ ಒಂದೇ: ಹೋರಾಟದ ಹಾಡು ಎದುರಿಗೆ ಕೂತವರ ಬಾಯಿಗೆ ಬಂದಾಗ ಮಾತ್ರ ಪೂರ್ತಿಯಾಗುತ್ತದೆ. ವೇದಿಕೆಯ ಮೇಲಿನ ಪ್ರತಿಯೊಂದು ತೀರ್ಮಾನವೂ, ಶ್ರುತಿಯಿಂದ ಹಿಡಿದು ಸ್ಪೀಕರ್ ಎಲ್ಲಿಡಬೇಕು ಎನ್ನುವ ತನಕ, ಅವರ ದನಿಗೆ ಜಾಗ ಬಿಡುವಂತಿರಬೇಕು.

1. ಹಾಡು ಮೊದಲೇ ಇದೆ, ಹುಡುಕಿ

ರಾಕ್ ಕಲಿಯುವವರು ಮೊದಲು ಬಾಬ್ ಮಾರ್ಲಿಯನ್ನೋ ಯು2 ತಂಡವನ್ನೋ ನುಡಿಸುತ್ತಾರೆ. ನುಡಿಸಲಿ, ಅವು ದೊಡ್ಡ ಹಾಡುಗಳು. ಆದರೆ ಬಂಡಾಯವನ್ನು ಹಾಡಾಗಿಸುವ ಕೆಲಸ ನಮ್ಮ ಭಾಷೆಯಲ್ಲಿ ಗಿಟಾರ್ ಬರುವುದಕ್ಕಿಂತ ಎಷ್ಟೋ ಮೊದಲು ಶುರುವಾಗಿತ್ತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದರು. ಕುರ್ತಕೋಟಿ ಕಲ್ಮೇಶ ಅದನ್ನು ಲಾವಣಿಯಾಗಿ ಕಟ್ಟಿದ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಮೇಲೆ ಅವನ ಕತೆಯೂ ಲಾವಣಿಯಾಗಿ ಊರೂರು ತಿರುಗಿತು. ಈ ಎರಡನ್ನೂ ಬರೆದಿಟ್ಟುಕೊಂಡು 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಆಳುವವರ ಅಧಿಕಾರಿಯೇ ಹುಡುಕಿಕೊಂಡು ಹೋಗಿ ಬರೆದುಕೊಳ್ಳುವಷ್ಟು ಆ ಹಾಡುಗಳು ಜನರ ಬಾಯಲ್ಲಿದ್ದವು ಎಂಬುದನ್ನು ನಾವು ಮರೆಯಬಾರದು.

ಕಾಲೇಜುಗಳಲ್ಲಿ ಹಲಗಲಿ ಬೇಡರ ಲಾವಣಿಯನ್ನು ಹಾಡಿದಾಗ ಆಗುವುದನ್ನು ಹೇಳುತ್ತೇನೆ. ಅದು ಎಸ್ಸೆಸ್ಸೆಲ್ಸಿಯ ಕನ್ನಡ ಪಠ್ಯದಲ್ಲಿದ್ದ ಪದ್ಯ. ಡ್ರಮ್ಮರ್ ನಾಲ್ಕು ಪೆಟ್ಟು ಹಾಕಿ, ಹಾಡುಗಾರ್ತಿ ಊರಿನ ಹೆಸರು ಎತ್ತುತ್ತಿದ್ದಂತೆ ಹಿಂದಿನ ಸಾಲಿನಿಂದ ಹುಡುಗರು ಜಡಗ, ಬಾಲ, ಹನುಮ, ರಾಮ ಎಂದು ಹೆಸರು ಕೂಗುತ್ತಾರೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಎದೆಯಿಂದ ಹೊರಗೆ ಬರುವ ಗಳಿಗೆ ಅದು. ಯಾವ ಇಂಗ್ಲಿಷ್ ಹಾಡಿಗೂ ಹೀಗೆ ಆಗಿದ್ದನ್ನು ನಮ್ಮ ಕಡೆ ನಾನು ಕಂಡಿಲ್ಲ.

ಲಾವಣಿ, ಗೀಗೀ ಪದಗಳಲ್ಲಿ ರಾಕ್ ತಂಡಕ್ಕೆ ಬೇಕಾದ ಕಟ್ಟು ಆಗಲೇ ಸಿದ್ಧವಿದೆ. ಮುಂದೆ ನಿಂತು ಕತೆ ಎತ್ತುವವರು ಒಬ್ಬರು, ಹಿಂದೆ ನಿಂತು ಸೊಲ್ಲು ಹಿಡಿಯುವವರು ಇಬ್ಬರು. ಕೈಯಲ್ಲಿ ಡಪ್ಪು, ತಾಳ, ತುಂತುಣಿ. ತುಂತುಣಿಯ ಒಂಟಿ ತಂತಿ ಹಾಡಿನುದ್ದಕ್ಕೂ ಒಂದೇ ಸ್ವರವನ್ನು ಮಿಡಿಯುತ್ತಿರುತ್ತದೆ. ಅದನ್ನು ಹಾಗೇ ಎತ್ತಿ ಬೇಸ್ ಗಿಟಾರ್‌ಗೆ ಕೊಡಿ, ಸೊಲ್ಲು ಹಿಡಿಯುವ ಕೆಲಸವನ್ನು ಸಭೆಗೆ ಕೊಡಿ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಉತ್ತರ ಕರ್ನಾಟಕದ ಗೀಗೀ ಮೇಳಗಳು ಓದು ಬಾರದ ರೈತನಿಗೆ ಗಾಂಧೀಜಿಯ ಸುದ್ದಿ ಮುಟ್ಟಿಸಿದ್ದು ಈ ಕಟ್ಟಿನಿಂದಲೇ.

2. ಶ್ರುತಿ ಹಾಡುಗಾರನದಲ್ಲ, ಸಭೆಯದು

ರಾಕ್ ಹಾಡುಗಾರರಿಗೆ ಏರುದನಿ ಇಷ್ಟ. ನಮ್ಮ ಕಂಪನಿ ನಾಟಕದವರಿಗೂ ಇಷ್ಟವಿತ್ತು. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಮೇಳಗಳಲ್ಲಿ ನಟರು ಏರು ಶ್ರುತಿಯಲ್ಲಿ ಹಾಡಿ ಕೊನೆಯ ಬೆಂಚಿನವರನ್ನು ಮುಟ್ಟುತ್ತಿದ್ದರು. ಅದು ಕೇಳುವ ಹಾಡು. ನಮ್ಮದು ಸೇರಿ ಹಾಡುವ ಹಾಡು. ಪೇಟಿಯ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಒಂದು ಇಲ್ಲವೇ ಬಿಳಿ ಎರಡು, ಅಂದರೆ ಸಿ ಅಥವಾ ಡಿ, ಇದರಲ್ಲಿ ಷಡ್ಜ ಇಟ್ಟರೆ ಗಂಡಸರೂ ಹೆಂಗಸರೂ ತಮ್ಮ ತಮ್ಮ ಸ್ಥಾಯಿಯಲ್ಲಿ ತ್ರಾಸವಿಲ್ಲದೆ ಸೇರುತ್ತಾರೆ. ಪಲ್ಲವಿ ಪಂಚಮವನ್ನು ದಾಟದಿದ್ದರೆ ಇನ್ನೂ ಒಳ್ಳೆಯದು. ಚರಣದಲ್ಲಿ ಹಾಡುಗಾರ ಎಷ್ಟು ಬೇಕಾದರೂ ಮೇಲೇರಲಿ, ಅದು ಅವನ ಪಾಲು.

ಗಿಟಾರಿನವರಿಗೆ ಇದರಲ್ಲಿ ಒಂದು ಲಾಭವೂ ಇದೆ. ಆರನೇ ತಂತಿಯನ್ನು ಇಯಿಂದ ಡಿಗೆ ಇಳಿಸಿ. ಕೆಳಗಿನ ಮೂರು ತಂತಿಗಳು ಡಿ, ಎ, ಡಿ ಆಗುತ್ತವೆ. ಬೆರಳಿಡದೆ ಬಾರಿಸಿದರೆ ಷಡ್ಜ, ಪಂಚಮ, ಷಡ್ಜ. ತಂಬೂರಿಯ ಜೀವವೇ ಅದು.

3. ಪದ ಕೇಳಿಸದಿದ್ದರೆ ಹಾಡೇ ಇಲ್ಲ

ಮೇಲಿನ ಮಾತಿಗೇ ಸೇರಿದ್ದು ಇದು. ಪಾಶ್ಚಾತ್ಯ ಹಾಡಿನ ಕಾರ್ಡ್‌ಗಳಲ್ಲಿ ಗಾಂಧಾರ ಇರುತ್ತದೆ. ಅದು ಶುದ್ಧವೋ ಕೋಮಲವೋ ಎಂಬುದರ ಮೇಲೆ ಕಾರ್ಡ್ ಮೇಜರ್ ಅಥವಾ ಮೈನರ್ ಎನಿಸಿಕೊಳ್ಳುತ್ತದೆ. ನಮ್ಮ ಜನಪದ ಧಾಟಿಗಳಲ್ಲಿ ಗಾಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ಹಾಡುವವರ ದನಿಯಲ್ಲಿ ಎರಡರ ನಡುವೆ ಜಾರುತ್ತಿರುತ್ತದೆ. ಅದರ ಮೇಲೆ ಪೂರಾ ಕಾರ್ಡ್ ಹೇರಿದರೆ ಹಾಡು ಮುರಿದಂತೆ ಕೇಳುತ್ತದೆ. ರಾಕ್‌ನ ಪವರ್ ಕಾರ್ಡ್‌ನಲ್ಲಿ ಗಾಂಧಾರವೇ ಇಲ್ಲ, ಬರೀ ಷಡ್ಜ ಪಂಚಮ. ಹಾಗಾಗಿ ಲಾವಣಿಗೂ ತತ್ವಪದಕ್ಕೂ ಹೆವಿ ರಾಕ್ ಗಿಟಾರ್ ಹೊಂದುವಷ್ಟು ಸಲೀಸಾಗಿ ಸಿನಿಮಾ ಶೈಲಿಯ ಸ್ಟ್ರಮ್ಮಿಂಗ್ ಹೊಂದುವುದಿಲ್ಲ. ಡಿಸ್ಟಾರ್ಷನ್ ಅನ್ನು ಪಲ್ಲವಿಗೆ ಇಟ್ಟುಕೊಳ್ಳಿ, ಚರಣದಲ್ಲಿ ತಂತಿಯ ಮೇಲೆ ಅಂಗೈ ಒತ್ತಿ ತಗ್ಗಿಸಿ ಬಾರಿಸಿ. ಕತೆ ಇರುವುದು ಚರಣದಲ್ಲಿ.

ಇನ್ನು ಕನ್ನಡದ ಮಾತ್ರೆ. ಇಂಗ್ಲಿಷ್ ರಾಕ್ ಕೇಳಿ ಬೆಳೆದ ಹಾಡುಗಾರರು ಸಾಲಿನ ಕೊನೆಯ ಪದವನ್ನು ಎಳೆಯುತ್ತಾರೆ. ಇಂಗ್ಲಿಷ್‌ನಲ್ಲಿ ಎಳೆದರೆ ಅರ್ಥಕ್ಕೇನೂ ಆಗದು. ಕನ್ನಡದಲ್ಲಿ ಕೊಡು ಎಂಬುದನ್ನು ಎಳೆದರೆ ಕೋಡು, ಬಿಡು ಎಂಬುದನ್ನು ಎಳೆದರೆ ಬೀಡು. ಭೂಮಿ ಕೇಳುವ ಹಾಡಿನಲ್ಲಿ ಹೀಗಾಗುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಉದ್ದ ಸ್ವರ ಬೇಕಿದ್ದರೆ ಪದದ ಕೊನೆಯ ಅಕ್ಷರದ ಮೇಲೆ ನಿಲ್ಲಿ, ಮೊದಲ ಲಘುವನ್ನು ಮುಟ್ಟಿ ಬಿಡಿ. ಒತ್ತಕ್ಷರ ಬಂದಲ್ಲಿ ಡ್ರಮ್ಸ್ ಪೆಟ್ಟು ಬೀಳಲಿ; ದ್ವಿತ್ವಕ್ಕೆ ತನ್ನದೇ ತಾಳವಿದೆ, ಅದನ್ನು ಬಳಸಿಕೊಳ್ಳಬೇಕು.

4. ಹಲಗೆಯನ್ನು ಅಲಂಕಾರಕ್ಕೆ ಇಡಬೇಡಿ

ಈ ಪಾಠದ ಬಗ್ಗೆ ನಾನು ಹೆಚ್ಚು ಹೇಳಬೇಕು, ಏಕೆಂದರೆ ಇದರಲ್ಲಿ ಸಂಗೀತವೂ ಇದೆ, ಸಂಗೀತಕ್ಕಿಂತ ದೊಡ್ಡದೂ ಇದೆ.

ಮೊದಲು ಸಂಗೀತ. ಹಲಗೆಗೆ ಎರಡು ಕಡ್ಡಿ, ಒಂದು ದಪ್ಪ, ಒಂದು ತೆಳು. ದಪ್ಪ ಕಡ್ಡಿ ನಡೆ ಹಿಡಿಯುತ್ತದೆ, ತೆಳುವಾದದ್ದು ಸಂದು ತುಂಬುತ್ತದೆ. ಇದರ ಚುರುಕಾದ ಸದ್ದು ಡ್ರಮ್ ಸೆಟ್ಟಿನ ಸ್ನೇರ್ ಇರುವ ಜಾಗದಲ್ಲೇ ಕೂತುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಬಾರಿಸಿದರೆ ಎರಡೂ ಕೆಡುತ್ತವೆ, ಹಾಡುಗಾರರ ಮಾತು ಅಡಿಗೆ ಬೀಳುತ್ತದೆ. ನಮ್ಮ ತಂಡದಲ್ಲಿ ಹಲಗೆ ಬರುವ ಕಡೆ ಸ್ನೇರ್ ಸುಮ್ಮನಿರುತ್ತದೆ. ಡ್ರಮ್ಮರ್ ಕಿಕ್ ಮತ್ತು ಫ್ಲೋರ್ ಟಾಮ್‌ಗಳನ್ನಷ್ಟೇ ಬಾರಿಸುತ್ತಾನೆ. ಮೈಕನ್ನು ಹಲಗೆಗೆ ಅಂಟಿಸಬೇಡಿ, ಒಂದೂವರೆ ಅಡಿ ದೂರ ಇರಲಿ. ಮಿಕ್ಸರ್‌ನಲ್ಲಿ 3ರಿಂದ 4 ಕಿಲೋಹರ್ಟ್ಸ್ ನಡುವೆ ಸ್ವಲ್ಪ ಇಳಿಸಿದರೆ ಕಿವಿಗೆ ಚುಚ್ಚುವುದಿಲ್ಲ, ವ್ಯಂಜನಗಳೂ ಕೇಳುತ್ತವೆ.

ಚರ್ಮದ ಹಲಗೆಯನ್ನು ಬೆಂಕಿಗೆ ಕಾಯಿಸಬೇಕು. ಹೊರಗಿನ ಮೈದಾನದಲ್ಲಿ ಕಾಗದ, ಹುಲ್ಲು ಹಚ್ಚಿ ಕಾಯಿಸಬಹುದು. ಸಭಾಂಗಣಗಳಲ್ಲಿ ಬೆಂಕಿಗೆ ಬಿಡುವುದಿಲ್ಲ, ಅಲ್ಲಿ ಹ್ಯಾಲೋಜನ್ ದೀಪದ ಮುಂದೆ ಹಿಡಿಯುತ್ತೇವೆ. ಮಳೆಗಾಲದಲ್ಲಿ ಎರಡು ಹಾಡಿಗೇ ಸಡಿಲಾಗುತ್ತದೆ. ಫೈಬರ್ ಹಾಳೆಯ ಹಲಗೆಗೆ ಈ ಕಷ್ಟವಿಲ್ಲ. ಆದರೆ ಕಾಯಿಸಿದ ಚರ್ಮದ ದನಿಯ ಮುಂದೆ ಅದು ಬಡವಾಗುತ್ತದೆ ಎಂಬುದು ನನ್ನ ಕಿವಿಯ ತೀರ್ಪು.

ಈಗ ದೊಡ್ಡ ಮಾತು. ಹಲಗೆ ಬಾರಿಸುವುದನ್ನು ದಲಿತ ಕೇರಿಯವರಿಗೆ ಬಿಟ್ಟಿ ಚಾಕರಿಯಾಗಿ ಹೊರಿಸಿದ್ದು ನಮ್ಮ ಸಮಾಜ. ಸಾವಿಗೆ, ಡಂಗುರಕ್ಕೆ, ಜಾತ್ರೆಗೆ ಬಾರಿಸಲೇಬೇಕು, ಇಲ್ಲ ಎನ್ನುವಂತಿಲ್ಲ. ದಲಿತ ಚಳವಳಿ ಬೆಳೆದಾಗ ಇನ್ನು ಹಲಗೆ ಮುಟ್ಟುವುದಿಲ್ಲ ಎಂದು ಅದನ್ನು ಬಿಟ್ಟವರೂ ಉಂಟು; ಅದನ್ನೇ ಎತ್ತಿಕೊಂಡು ಮೆರವಣಿಗೆಯ ಮುಂದೆ ತಲೆಯೆತ್ತಿ ಬಾರಿಸಿದವರೂ ಉಂಟು. ಎರಡೂ ಸ್ವಾಭಿಮಾನದ ನಿಲುವುಗಳೇ. ಈ ಚರ್ಚೆ ಗೊತ್ತಿಲ್ಲದೆ, ಗಿಟಾರಿನ ಪಕ್ಕ ಹಲಗೆ ಇದ್ದರೆ ಚೆಂದ ಕಾಣುತ್ತದೆ ಎಂದು ಯಾರನ್ನೋ ಕರೆತಂದು ಹಿಂದೆ ನಿಲ್ಲಿಸುವುದು ಅನ್ಯಾಯ. ನಮ್ಮಲ್ಲಿ ಹಲಗೆಯವರು ವೇದಿಕೆಯ ಮುಂದಿನ ಸಾಲಿನಲ್ಲಿರುತ್ತಾರೆ. ಸಂಭಾವನೆಯಲ್ಲಿ ಎಲ್ಲರಿಗೂ ಸಮಪಾಲು. ಯಾವ ಕಾರ್ಯಕ್ರಮಕ್ಕೆ ಬಾರಿಸುತ್ತೇನೆ, ಯಾವುದಕ್ಕೆ ಇಲ್ಲ ಎಂದು ಹೇಳುವ ಹಕ್ಕು ಮೊದಲು ಅವರದು. ಚೆನ್ನೈಯಲ್ಲಿ 2018ರಿಂದ ಹಾಡತೊಡಗಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಹಲಗೆಯಂಥದೇ ಪರೈ, ಗಾನಾ ಹಾಡು, ರಾಕ್ ಗಿಟಾರ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿತು. ಅದನ್ನು ನೋಡಿ ನಮ್ಮ ಹುಡುಗರಿಗೆ ಬಂದ ಧೈರ್ಯ ಸಣ್ಣದಲ್ಲ.

5. ನಡೆಯುವ ಹಾಡು, ನಿಲ್ಲುವ ಹಾಡು

ಜಯದೇವ ಸರ್ಕಲ್‌ನಿಂದ ಹೊರಟ ಮೆರವಣಿಗೆಯ ಜೊತೆ ಹಾಡಬೇಕಾದರೆ ನಿಮಿಷಕ್ಕೆ 90 ಪೆಟ್ಟಿನ ಆಸುಪಾಸು ಇರಲಿ. ಅದಕ್ಕಿಂತ ಚುರುಕಾದರೆ ಮುಂದಿನವರು ಓಡುತ್ತಾರೆ, ಹಿಂದಿನ ಸಾಲಿನ ವಯಸ್ಸಾದವರು ಹಾಡು ಬಿಡುತ್ತಾರೆ. ಅದೇ ಹಾಡನ್ನು ವೇದಿಕೆಯಲ್ಲಿ 120ಕ್ಕೆ ಏರಿಸಬಹುದು. ಎರಡೂ ನಡೆಗಳಲ್ಲಿ ತಾಲೀಮು ಮಾಡಿಟ್ಟುಕೊಳ್ಳಿ.

6. ಕರೆಂಟ್ ಇಲ್ಲದೆಯೂ ನಿಲ್ಲಬಲ್ಲ ಹಾಡನ್ನೇ ಆರಿಸಿ

ಧರಣಿಯ ಟೆಂಟಿಗೆ ಕರೆಂಟ್ ಕೊಡುವವರು ಪಕ್ಕದ ಅಂಗಡಿಯವರು. ಅವರು ಬಾಗಿಲು ಹಾಕಿದರೆ ಆಂಪ್ಲಿಫೈಯರ್ ಮೌನ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಅದನ್ನು ಬಳಸುವಂತಿಲ್ಲ. ಆಗ ಉಳಿಯುವುದು ಚಪ್ಪಾಳೆ, ದಮಡಿ, ಬಾಯಿ. ಬರೀ ಚಪ್ಪಾಳೆಯ ಮೇಲೆ ನಿಲ್ಲಲಾರದ ಹಾಡನ್ನು ನಾವು ಪಟ್ಟಿಗೆ ಸೇರಿಸುವುದೇ ಇಲ್ಲ. ಎಲೆಕ್ಟ್ರಿಕ್ ಗಿಟಾರ್ ಹಾಡಿನ ಬೆನ್ನಿಗೆ ನಿಲ್ಲಲಿ, ಬೆನ್ನೆಲುಬು ಆಗಬಾರದು.

7. ದೂರದವರಿಂದ ಕೆಲಸ ಕಲಿಯಿರಿ

ಜಿಂಬಾಬ್ವೆಯ ಥಾಮಸ್ ಮಾಪ್ಫುಮೊ ನನಗೆ ಗುರುವಿದ್ದಂತೆ. ಬಿಳಿಯರ ರೊಡೇಷಿಯ ಸರ್ಕಾರದ ವಿರುದ್ಧ ಕಾಡಿನಲ್ಲಿ ಗೆರಿಲ್ಲಾ ಯುದ್ಧ ನಡೆಯುತ್ತಿದ್ದಾಗ ಆತ ಇಂಗ್ಲಿಷ್ ಹಾಡುಗಳನ್ನು ಬಿಟ್ಟು ತನ್ನ ಶೋನಾ ಭಾಷೆಗೆ ಮರಳಿದ. ಅವರ ಊರಿನ ಎಂಬಿರ ಎಂಬ ವಾದ್ಯದಲ್ಲಿ ಕಬ್ಬಿಣದ ಪಟ್ಟಿಗಳನ್ನು ಹೆಬ್ಬೆರಳಿನಿಂದ ಮೀಟುತ್ತಾರೆ. ಆ ಮೀಟನ್ನು ಅವನ ತಂಡದವರು ಎಲೆಕ್ಟ್ರಿಕ್ ಗಿಟಾರಿಗೆ ತಂದರು, ತಂತಿಯನ್ನು ಅಂಗೈಯಿಂದ ಅದುಮಿ, ಸ್ವರ ಮೊಟಕಾಗುವಂತೆ. ಆ ಸಂಗೀತಕ್ಕೆ ಚಿಮುರೆಂಗ, ಅಂದರೆ ಹೋರಾಟ, ಎಂದೇ ಹೆಸರಾಯಿತು. ಸರ್ಕಾರ ಅವನನ್ನು ಬಂಧಿಸಿತು. ನಾವು ಏಕತಾರಿಯ, ತುಂತುಣಿಯ ಮಿಡಿತವನ್ನು ಬೇಸ್ ತಂತಿಗೆ ತಂದದ್ದು ಈ ದಾರಿಯನ್ನು ನೋಡಿಯೇ.

ಮಾಪ್ಫುಮೊನಿಂದ ಕಲಿಯಬೇಕಾದ್ದು ಇನ್ನೊಂದಿದೆ. 1980ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಸ್ವತಂತ್ರವಾಯಿತು. ಹರಾರೆಯ ರುಫಾರೊ ಕ್ರೀಡಾಂಗಣದ ಸಂಭ್ರಮಕ್ಕೆ ಬಾಬ್ ಮಾರ್ಲಿಯೇ ಬಂದು ಹಾಡಿದ. ಹತ್ತು ವರ್ಷ ತುಂಬುವ ಮುಂಚೆ, 1989ರಲ್ಲಿ, ಮಾಪ್ಫುಮೊ ತನ್ನವರೇ ನಡೆಸುತ್ತಿದ್ದ ಸರ್ಕಾರದ ಭ್ರಷ್ಟಾಚಾರದ ಮೇಲೆ ಹಾಡು ಕಟ್ಟಿದ. ಕೊನೆಗೆ ದೇಶ ಬಿಟ್ಟು ಅಮೆರಿಕದಲ್ಲಿ ನೆಲೆಸಬೇಕಾಯಿತು. ಬಾವುಟ ಹಾರಿದ ಮೇಲೂ ಹಾಡು ಮುಗಿಯುವುದಿಲ್ಲ ಎಂಬುದು ನಮಗೇನೂ ಹೊಸದಲ್ಲ. ಕವಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಂಕಲನ ಬಂದದ್ದು 1975ರಲ್ಲಿ. 1947ರ ಸ್ವಾತಂತ್ರ್ಯ ಬಡವರ ಗುಡಿಸಲಿಗೆ ತಲುಪಿತೇ ಎಂದು ಕೇಳುವ ಅವರ ಹಾಡು ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಸಮುದಾಯ ನಾಟಕ ತಂಡದ ಜಾಥಾಗಳಲ್ಲಿ, ವಿದ್ಯಾರ್ಥಿ ಮೆರವಣಿಗೆಗಳಲ್ಲಿ ಎಷ್ಟು ಜನರ ದನಿಯಾಯಿತು ಎಂದು ಲೆಕ್ಕ ಹಾಕಲಾಗದು. ಜನಾರ್ದನ್ ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಅಂಥವರು ವಾದ್ಯವೃಂದದ ಆಸರೆಯಿಲ್ಲದೆ ಹೋರಾಟದ ಹಾಡುಗಳನ್ನು ಹಳ್ಳಿಹಳ್ಳಿಗೆ ಒಯ್ದರು. ರಾಕ್ ಎಂದರೆ ಎದೆಗಾರಿಕೆ ಎನ್ನುವುದಾದರೆ ನಮ್ಮ ಪಾಲಿನ ರಾಕ್ ಹಾಡುಗಾರರು ಅವರೇ.

ಪೀಟರ್ ಗೇಬ್ರಿಯಲ್‌ನ 'ಬೀಕೊ' ಹಾಡನ್ನೂ ಕೂತು ಕೇಳಿ. ದಕ್ಷಿಣ ಆಫ್ರಿಕಾದ ಸ್ಟೀವ್ ಬೀಕೊ 1977ರಲ್ಲಿ ಪೊಲೀಸರ ವಶದಲ್ಲಿ ಸತ್ತ. 1980ರ ಆ ಹಾಡು ಅವನ ಶವಸಂಸ್ಕಾರದಲ್ಲಿ ಜನ ಹಾಡಿದ ದನಿಯಿಂದ ಶುರುವಾಗಿ ಅಂಥದೇ ದನಿಯಲ್ಲಿ ಮುಗಿಯುತ್ತದೆ. ಕಛೇರಿಗಳಲ್ಲಿ ಗೇಬ್ರಿಯಲ್ ಕೊನೆಯ ಆಲಾಪವನ್ನು ಸಭೆಗೆ ಒಪ್ಪಿಸಿ ವೇದಿಕೆ ಬಿಟ್ಟು ಹೋಗುತ್ತಾನೆ, ವಾದ್ಯದವರು ಒಬ್ಬೊಬ್ಬರಾಗಿ ಹಿಂದೆ ಹೋಗುತ್ತಾರೆ, ಕೊನೆಗೆ ಡ್ರಮ್ ಮತ್ತು ಜನ ಉಳಿಯುತ್ತಾರೆ. ನಾನು ಈ ಬರಹದುದ್ದಕ್ಕೂ ಜಾಗ ಬಿಡಿ ಎನ್ನುತ್ತಿರುವುದು ಇದನ್ನೇ. ನಾವು ಇದನ್ನು ಪೌರಕಾರ್ಮಿಕರ ಒಂದು ಧರಣಿಯಲ್ಲಿ ಮಾಡಿದೆವು. ಗಿಟಾರ್ ನಿಂತಿತು, ಬೇಸ್ ನಿಂತಿತು, ಹಲಗೆ ಮಾತ್ರ ಉಳಿಯಿತು. ಮುಂದೆ ಕೂತಿದ್ದ ಹೆಣ್ಣುಮಕ್ಕಳು ಪಲ್ಲವಿಯನ್ನು ಬಿಡಲೇ ಇಲ್ಲ. ಅವರಲ್ಲೊಬ್ಬಾಕೆ ಎದ್ದು ತನ್ನ ಬೀದಿಯ ಹೆಸರು ಸೇರಿಸಿ ಹೊಸ ಸಾಲೊಂದನ್ನು ಎತ್ತಿದಳು, ಉಳಿದವರು ಅದನ್ನೂ ಹಿಡಿದರು. ನಮ್ಮ ತಂಡ ಈ ತನಕ ನುಡಿಸಿದ್ದರಲ್ಲಿ ಶ್ರೇಷ್ಠವಾದದ್ದು ನಾವು ನುಡಿಸದೇ ಇದ್ದ ಆ ಭಾಗ.

8. ಪದ ಬದಲಿಸಬೇಡಿ

ಕಾರ್ಯಕ್ರಮ ಮಾಡಿಸುವವರು ಕೆಲವೊಮ್ಮೆ ಮೆತ್ತಗೆ ಕೇಳುತ್ತಾರೆ: ಜಾತಿಯ ಹೆಸರಿರುವ ಚರಣ ಬಿಟ್ಟುಬಿಡಿ, ಉಳಿದದ್ದು ಹಾಡಿ, ಎಲ್ಲರಿಗೂ ಸರಿಹೋಗುತ್ತದೆ. ನಾವು ಇಡೀ ಹಾಡನ್ನು ಬಿಡುತ್ತೇವೆ, ಚರಣವನ್ನು ಬಿಡುವುದಿಲ್ಲ. ಆ ಚರಣಕ್ಕಾಗಿಯೇ ಹಾಡು ಹುಟ್ಟಿದ್ದು.

ಧ್ವನಿಮುದ್ರಣ ಮಾಡಿ ಹಂಚುವುದಾದರೆ ಕವಿಯನ್ನೋ ಅವರ ಮನೆಯವರನ್ನೋ ಕೇಳಲೇಬೇಕು. ಕೃತಿಸ್ವಾಮ್ಯ ಕವಿ ತೀರಿದ ಮೇಲೂ 60 ವರ್ಷ ಇರುತ್ತದೆ. ಹೋರಾಟದ ಹಾಡು ಎಲ್ಲರದೂ ಎಂಬ ಮಾತು ಬೀದಿಯಲ್ಲಿ ಹಾಡುವಾಗ ನಿಜ. ಹಣ ಬರುವ ಕಡೆ ಆ ಮಾತನ್ನು ನೆಪ ಮಾಡಿಕೊಳ್ಳುವುದು ಸಲ್ಲದು.

9. ನಮ್ಮೂರಿನದು ನಾವೇ ಬರೆಯಬೇಕು

ಹಳೆಯ ಹಾಡುಗಳ ಮೇಲೆ ಎಷ್ಟು ದಿನ ಬದುಕುವುದು? ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಗುಡುಗುಡಿಯನ್ನು ಗಿಟಾರ್ ಜೊತೆ ತಂದಾಗ ಕನ್ನಡದಲ್ಲಿ ರಾಕ್ ಸಾಧ್ಯವೆಂದು ಹುಡುಗರಿಗೆ ತಿಳಿಯಿತು. ಶರೀಫರ ಶಿಶುವಿನಹಾಳ ನಮಗೆ ದೂರವೂ ಅಲ್ಲ, ಪಕ್ಕದ ಹಾವೇರಿ ಜಿಲ್ಲೆ. ಆ ಬಾಗಿಲು ತೆರೆದ ಮೇಲೆ ಒಳಗೆ ಏನು ಹಾಡಬೇಕು ಎಂಬುದು ನಮ್ಮ ಹೊಣೆ.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿವೆ. ಕಾರ್ಖಾನೆಯ ಸೈರನ್ನಿನ ಕೂಗು ಕೇಳಿ ಅಡುಗೆ ಇಳಿಸುತ್ತಿದ್ದ, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದ ಊರಿದು. ದಾವಣಗೆರೆಯಲ್ಲೂ ಗಿರಣಿಯ ಕೂಗೇ ಗಡಿಯಾರವಾಗಿತ್ತು. ಕಿರ್ಲೋಸ್ಕರ್ 2000ದ ಆಸುಪಾಸಿನಲ್ಲಿ ಮುಚ್ಚಿತು, ಗಿರಣಿಗಳು ಅದಕ್ಕೂ ಮೊದಲಿನಿಂದ ಒಂದೊಂದಾಗಿ ನಿಲ್ಲುತ್ತ ಬಂದವು. ನಮ್ಮ ತಂಡದ ಮೊದಲ ಸ್ವಂತ ಹಾಡು ಆ ಕೂಗಿನ ಮೇಲೆ. ಗಿಟಾರಿನ ಆರನೇ ತಂತಿಯ ಮೇಲೆ ಸ್ಲೈಡ್ ಇಟ್ಟು ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದ ತನಕ ನಿಧಾನ ಎಳೆದರೆ ಸೈರನ್ ಏಳುತ್ತದೆ. ಅದನ್ನು ಮೊದಲ ಸಲ ನುಡಿಸಿದಾಗ ಅರವತ್ತು ದಾಟಿದ ಕೆಲವರು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದರು. ಅವರ ಮೈಗೆ ಇನ್ನೂ ಆ ಪಾಳಿಯ ನೆನಪಿದೆ.

ಇನ್ನೊಂದು ವಿಷಯ ನದಿ, ಮತ್ತು ಅದರ ನೀರಿನ ಹೋರಾಟಕ್ಕೆ ಕಾರಣವಾದ ತಿರುಳಿನ ಕಾರ್ಖಾನೆ. 1987ರ ನವೆಂಬರ್‌ನಲ್ಲಿ ಹಾನಗಲ್ ಕಡೆಯ ಕುಸನೂರಿನಲ್ಲಿ ರೈತರು, ಸರ್ಕಾರ ಆ ಕಾರ್ಖಾನೆಯ ತಿರುಳಿಗೆಂದು ನೆಡಿಸಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ಸಾಮುದಾಯಿಕ ಭೂಮಿ ಉಳಿಸಲು ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. ನದಿಯ ನೀರಿನ ಹೋರಾಟವೂ ಭೂಮಿಯ ಹೋರಾಟವೂ ಒಂದೇ ಕಾರ್ಖಾನೆಯ ಸುತ್ತ ಹೆಣೆದುಕೊಂಡಿದ್ದವು. ಕೀಳುವ ಕೈಯೇ ಹಚ್ಚುವ ಕೈಯೂ ಆಗುವ ಇಂಥ ಹೋರಾಟಕ್ಕೆ ತಾಳ ತಾನಾಗಿ ಒದಗುತ್ತದೆ: ಒಂದು ಪೆಟ್ಟು ಮೇಲಕ್ಕೆ, ಒಂದು ಪೆಟ್ಟು ಕೆಳಕ್ಕೆ. ಹಲಗೆಯವರು ಅದನ್ನು ಎರಡು ಕಡ್ಡಿಗೆ ಹಂಚಿಕೊಟ್ಟಿದ್ದಾರೆ, ಬೇಸ್ ಅದಕ್ಕೆ ಕೂತಿದೆ.

ಹೊಸಬರಿಗೆ ನಾನು ಹೇಳುವುದು: ಬರೆಯುವ ಮುಂಚೆ ಹೋಗಿ ಕೇಳಿ. ದಂಡೆಯ ಮೇಲೆ ಬಲೆ ಬೀಸುವವರನ್ನು, ಗಿರಣಿಯಲ್ಲಿ ನೂಲು ಜೋಡಿಸುತ್ತಿದ್ದವರನ್ನು. ಅವರು ಬಳಸುವ ಪದಗಳನ್ನು ಬರೆದುಕೊಳ್ಳಿ. ಕ್ರಾಂತಿ, ಕಹಳೆ, ಕೆಂಪು ಸೂರ್ಯ ಎಂದು ಪುಸ್ತಕದಿಂದ ಎತ್ತಿದ ಪದಗಳಿಗೆ ಸಭೆ ಚಪ್ಪಾಳೆ ತಟ್ಟುತ್ತದೆ, ಜೊತೆಗೆ ಹಾಡುವುದಿಲ್ಲ.

10. ಯಾರ ವೇದಿಕೆ ಎಂದು ಮೊದಲೇ ಕೇಳಿ

ಚುನಾವಣೆ ಬಂದಾಗ ಎಲ್ಲ ಪಕ್ಷದವರಿಗೂ ಹಾಡುವ ತಂಡ ಬೇಕು. ನಾವು ಅಲ್ಲಿಗೆ ಹೋಗುವುದಿಲ್ಲ. ಹೋದವರನ್ನು ದೂರುವುದೂ ಇಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಕಾಲೇಜುಗಳಿಂದ ಸಂಭಾವನೆ ತೆಗೆದುಕೊಳ್ಳುತ್ತೇವೆ. ಧರಣಿಯವರಿಂದ ಪೆಟ್ರೋಲು, ಊಟ. ಊಟವೆಂದರೆ ಬಹಳ ಸಲ ಮಂಡಕ್ಕಿ, ಮಿರ್ಚಿ. ಕಾಲೇಜಿನ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು ಜನರೇಟರ್ ಬಾಡಿಗೆಗೂ ಹಾಡಿನ ಹಾಳೆ ಅಚ್ಚು ಹಾಕಿಸುವುದಕ್ಕೂ ಬಳಸುತ್ತೇವೆ. ಹಾಡಿನ ಹಾಳೆ ಬಹಳ ಮುಖ್ಯ. ಪಲ್ಲವಿ ದಪ್ಪ ಅಕ್ಷರದಲ್ಲಿರಲಿ, ಕವಿಯ ಹೆಸರು ಮೇಲಿರಲಿ, ಮತ್ತು ಹಾಡು ಶುರುವಾಗುವ ಮುಂಚೆ ಹಾಳೆ ಎಲ್ಲರ ಕೈ ಸೇರಿರಲಿ. ಓದು ಬಾರದವರ ಪಕ್ಕ ಒಬ್ಬರು ಕೂತು ಹೇಳಿಕೊಟ್ಟರೆ ಎರಡನೇ ಸಲಕ್ಕೆ ಅವರೇ ಮುಂದಾಗುತ್ತಾರೆ.

ಈಚೆಗೆ ಒಂದು ಹಾಸ್ಟೆಲಿನ ಹುಡುಗಿಯರು ಹಾಳೆಯಲ್ಲಿ ಕಾರ್ಡ್‌ಗಳನ್ನೂ ಕೊಡಿ ಎಂದು ಕೇಳಿದರು. ಅವರಲ್ಲಿ ಒಬ್ಬಳ ಬಳಿ ಅಣ್ಣನ ಹಳೆಯ ಗಿಟಾರ್ ಇದೆ, ಉಳಿದವರು ಮೇಜು ಬಡಿಯುತ್ತಾರೆ. ಆದ್ದರಿಂದ ಈಗ ಪ್ರತಿ ಸಾಲಿನ ಮೇಲೆ ಕಾರ್ಡಿನ ಹೆಸರನ್ನು ಕನ್ನಡದಲ್ಲೇ ಬರೆದು, ಪಕ್ಕದಲ್ಲಿ ಪೇಟಿಯ ಶ್ರುತಿಯನ್ನೂ ಹಾಕುತ್ತಿದ್ದೇವೆ. ಹಲಗಲಿ ಲಾವಣಿಯದು ಮುಗಿದಿದೆ. ನದಿಯ ಹಾಡಿನದು ಅರ್ಧಕ್ಕೆ ನಿಂತಿದೆ; ಅದರ ಪಲ್ಲವಿ ಇನ್ನೂ ಪಂಚಮವನ್ನು ದಾಟುತ್ತಿದೆ, ಇಳಿಸಬೇಕು.